ಗಾಳಿಗೂ ಅಲೆಗೂ ಒಂದೇ ಲಂಗರು ಸಾಕೇ?

ಪೋರ್ಚುಗಲ್‌ನ ಉತ್ತರ ಕರಾವಳಿಯಲ್ಲಿ ಅಗುಸಾದೋರಾ ಅಂತ ಒಂದು ಊರಿದೆ. ಕಡಲಂಚಿನ ಮರಳಿನಲ್ಲಿ ತರಕಾರಿ ಬೆಳೆಯುವುದಕ್ಕೆ ಹೆಸರಾದ ಊರು. 2008ರ ಸೆಪ್ಟೆಂಬರಿನಲ್ಲಿ ಈ ಊರಿನ ಮುಂದಿನ ಕಡಲಲ್ಲಿ ಮೂರು ಉದ್ದನೆಯ ಕೆಂಪು ಯಂತ್ರಗಳು ಕೆಲಸ ಶುರು ಮಾಡಿದವು. ಸ್ಕಾಟ್ಲೆಂಡಿನ ಪೆಲಾಮಿಸ್ ಯಂತ್ರಗಳು ಅವು, ಒಂದೊಂದೂ 750 ಕಿಲೋವ್ಯಾಟ್‌ನದು. ದಪ್ಪ ಉಕ್ಕಿನ ಕೊಳವೆಗಳನ್ನು ಸಾಲಾಗಿ ಕೀಲು ಹಾಕಿ ಜೋಡಿಸಿದ್ದರು. ಅಲೆ ಬಂದಾಗ ಕೀಲುಗಳು ಬಾಗುತ್ತಿದ್ದವು. ಒಳಗಿದ್ದ ಹೈಡ್ರಾಲಿಕ್ ಪಂಪುಗಳು ಎಣ್ಣೆಯನ್ನು ಒತ್ತಿ ಜನರೇಟರ್ ತಿರುಗಿಸುತ್ತಿದ್ದವು. ಕೆಲವೇ ತಿಂಗಳಲ್ಲಿ ಯಂತ್ರಗಳನ್ನು ದಡಕ್ಕೆ ಎಳೆದು ತರಬೇಕಾಯಿತು. ತಾಂತ್ರಿಕ ತೊಂದರೆ ಒಂದು ಕಡೆ, ಹಣ ಹಾಕಿದವರ ಮುಗ್ಗಟ್ಟು ಇನ್ನೊಂದು ಕಡೆ. ಅವು ಮತ್ತೆ ಅಲ್ಲಿ ಕಡಲಿಗಿಳಿಯಲಿಲ್ಲ. ಆದರೆ ಕಡಲತಳದಲ್ಲಿ ಹಾಕಿದ್ದ ಕೇಬಲ್ ಹಾಗೇ ಉಳಿಯಿತು.

2011ರಲ್ಲಿ ಅದೇ ನೀರಿಗೆ ಇನ್ನೊಂದು ಯಂತ್ರ ಬಂತು. ಈ ಸಲ ಗಾಳಿಯದು. ಮೂರು ದಪ್ಪ ಕಂಬಗಳ ತ್ರಿಕೋನ ತೆಪ್ಪದ ಮೇಲೆ 2 ಮೆಗಾವ್ಯಾಟ್ ಟರ್ಬೈನ್ ನಿಲ್ಲಿಸಿದ್ದರು. ಹೆಸರು ವಿಂಡ್‌ಫ್ಲೋಟ್. ಕರೆಂಟನ್ನು ದಡಕ್ಕೆ ಸಾಗಿಸಲು ಅಲೆಯಂತ್ರಗಳಿಗೆಂದು ಹಾಕಿದ್ದ ಕೇಬಲ್ಲೇ ಉಪಯೋಗಕ್ಕೆ ಬಂತು. ಅದು 2016ರವರೆಗೆ ಅಲ್ಲಿ ನಿಂತಿತು. 17 ಮೀಟರ್ ಎತ್ತರದ ಅಲೆಗಳನ್ನೂ ತಾಳಿಕೊಂಡು ಸುಮಾರು 1.7 ಕೋಟಿ ಯೂನಿಟ್ ವಿದ್ಯುತ್ ಕೊಟ್ಟಿತು. 2023ರಲ್ಲಿ ಮತ್ತೆ ಅಲೆಯ ಸರದಿ. ಸ್ವೀಡನ್ನಿನ ಕಾರ್‌ಪವರ್ ಕಂಪನಿ 9 ಮೀಟರ್ ಅಗಲದ, 300 ಕಿಲೋವ್ಯಾಟ್‌ನ ಅಲೆಯೊಂದಿಗೆ ಏರಿಳಿದು ವಿದ್ಯುತ್ ಮಾಡುವ ಒಂದು ದೊಡ್ಡ ಟೊಳ್ಳು ಬುರುಡೆಯನ್ನು ಅದೇ ಊರಿನ ಮುಂದೆ ತೇಲಿಬಿಟ್ಟಿತು.

ಒಂದೇ ಕಡಲಲ್ಲಿ ಮೊದಲು ಅಲೆ, ಆಮೇಲೆ ಗಾಳಿ, ಮತ್ತೆ ಅಲೆ. ಹಾಗಾದರೆ ಎರಡನ್ನೂ ಒಟ್ಟಿಗೇ ನಿಲ್ಲಿಸಿದರೆ ಆಗಲ್ವಾ? ಒಂದೇ ತೆಪ್ಪ, ಒಂದೇ ಲಂಗರು, ಒಂದೇ ಕೇಬಲ್. ಮೇಲೆ ಗಾಳಿ ತಿರುಗಿಸಲಿ, ಕೆಳಗೆ ಅಲೆ ಕುಣಿಸಲಿ. ಈ ಪ್ರಶ್ನೆಯನ್ನು ಎಂಜಿನಿಯರುಗಳು ಬಹಳ ವರ್ಷಗಳಿಂದ ಕೇಳುತ್ತಿದ್ದಾರೆ. ನನಗೆ ಕಂಡಂತೆ ಉತ್ತರ ಹೀಗಿದೆ: ಕೇಬಲ್ ಹಂಚಿಕೊಳ್ಳುವುದು ಈಗಲೇ ಮಾಡಬಹುದಾದ ಒಳ್ಳೆಯ ಕೆಲಸ. ಒಂದೇ ತೆಪ್ಪ ಹಂಚಿಕೊಳ್ಳುವುದು ಮಾತ್ರ ಕಾಣುವುದಕ್ಕಿಂತ ಬಹಳ ಕಷ್ಟ. ಯಾಕೆ ಕಷ್ಟ ಅನ್ನುವುದರಲ್ಲೇ ಈ ವಿಷಯದ ಸ್ವಾರಸ್ಯವೆಲ್ಲ ಇದೆ.

ಮೊದಲಿಗೆ, ಗಾಳಿಯಂತ್ರವನ್ನು ತೇಲಿಸುವ ಉಸಾಬರಿಯಾದರೂ ಯಾಕೆ ಬೇಕು? ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ನಾವು ನೋಡುವ ಟರ್ಬೈನ್‌ಗಳಿಗೆ ಕಾಂಕ್ರೀಟಿನ ಬುಡ ಸಾಕು. ಕಡಲಲ್ಲೂ ನೀರು ಆಳವಿಲ್ಲದ ಕಡೆ ಉಕ್ಕಿನ ಕಂಬವನ್ನು ನೇರ ತಳಕ್ಕೆ ಬಡಿದು ನಿಲ್ಲಿಸುತ್ತಾರೆ. ಸುಮಾರು 60 ಮೀಟರ್ ಆಳ ದಾಟಿದರೆ ಆ ಕಂಬದ ಖರ್ಚು ತಡೆಯಲಾಗದಷ್ಟು ಏರುತ್ತದೆ. ಜೋರಾದ, ಎಡೆಬಿಡದ ಗಾಳಿ ಸಿಗುವ ಕಡಲು ಬಹುಪಾಲು ಅದಕ್ಕಿಂತ ಆಳ. ಅದಕ್ಕೇ ತೆಪ್ಪ. ಸ್ಕಾಟ್ಲೆಂಡಿನ ಪೀಟರ್‌ಹೆಡ್ ಊರಿನಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ 2017ರಿಂದ ಹೈವಿಂಡ್ ಸ್ಕಾಟ್ಲೆಂಡ್ ಕೆಲಸ ಮಾಡುತ್ತಿದೆ. ತೇಲುವ ಟರ್ಬೈನ್‌ಗಳ ಮೊದಲ ಫಾರ್ಮ್ ಅದು. 6 ಮೆಗಾವ್ಯಾಟ್‌ನ ಐದು ಟರ್ಬೈನ್‌ಗಳಿವೆ. ಪ್ರತಿಯೊಂದರ ಕೆಳಗೆ ಸುಮಾರು 78 ಮೀಟರ್ ಉದ್ದದ ಉಕ್ಕಿನ ಉರುಳೆ ನೀರಿನೊಳಗೆ ನೆಟ್ಟಗೆ ಇಳಿದಿದೆ. ಅದರ ಅಡಿಯಲ್ಲಿ ಭಾರ ತುಂಬಿದ್ದಾರೆ. ಮೂರು ದಿಕ್ಕಿಗೆ ಮೂರು ಸರಪಳಿಗಳು. ಭಾರ ಕೆಳಗಿರುವುದರಿಂದ ಗಾಳಿ ಎಷ್ಟು ತಳ್ಳಿದರೂ ಅದು ನೆಟ್ಟಗಾಗುತ್ತದೆ. ಮೊದಲ ಐದು ವರ್ಷದಲ್ಲಿ ಅದು ತನ್ನ ಪೂರ್ತಿ ಸಾಮರ್ಥ್ಯದ ಸರಾಸರಿ 54% ವಿದ್ಯುತ್ ಕೊಟ್ಟಿತು. ನೆಲದ ಮೇಲಿನ ಗಾಳಿಯಂತ್ರಗಳಿಂದ ಇಷ್ಟು ನಿರೀಕ್ಷಿಸುವ ಹಾಗಿಲ್ಲ.

ಇನ್ನು ಅಲೆ ಯಾಕೆ ಜೊತೆಗೆ ಬೇಕು? ಅಲೆ ಅಂದರೆ ಕೂಡಿಟ್ಟ ಗಾಳಿ. ಎಲ್ಲೋ ದೂರದಲ್ಲಿ ಬಿರುಗಾಳಿ ನೀರನ್ನು ಉಜ್ಜುತ್ತದೆ, ನೀರು ಏರಿಳಿಯಲು ಶುರುವಾಗುತ್ತದೆ, ಆ ಏರಿಳಿತ ಗಾಳಿ ನಿಂತ ಮೇಲೂ ಸಾಗುತ್ತಲೇ ಇರುತ್ತದೆ. ಎರಡು ಉಬ್ಬುಗಳ ನಡುವೆ 15 ಸೆಕೆಂಡ್ ಅಂತರ ಇರುವ ಅಲೆಗಳ ಶಕ್ತಿ ಆಳದ ಕಡಲಲ್ಲಿ ದಿನಕ್ಕೆ ಸುಮಾರು 1000 ಕಿಲೋಮೀಟರ್ ಸಾಗುತ್ತದೆ. ಅಂದರೆ ಇವತ್ತು ನಮ್ಮ ದಡಕ್ಕೆ ಬಂದ ಅಲೆ ಕಳೆದ ವಾರ ಬೇರೆಲ್ಲೋ ಬೀಸಿದ ಗಾಳಿಯದಾಗಿರಬಹುದು. ನಮ್ಮ ಪಶ್ಚಿಮ ಕರಾವಳಿಯವರಿಗೆ ಇದು ಹೊಸದಲ್ಲ. ಗಾಳಿಯೇ ಇಲ್ಲದ ಬೇಸಿಗೆಯ ದಿನ ಕಡಲು ಉಕ್ಕಿ ದಂಡೆಯ ಮನೆಗಳಿಗೆ ನುಗ್ಗುವುದನ್ನು ಕೇರಳದವರು ಕಳ್ಳಕ್ಕಡಲ್ ಅನ್ನುತ್ತಾರೆ. ಸಾವಿರಾರು ಕಿಲೋಮೀಟರ್ ದಕ್ಷಿಣದಲ್ಲಿ, ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ಅವು. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ.

ಅಂದ ಮೇಲೆ ಗಾಳಿ ಬಿದ್ದಾಗಲೂ ಅಲೆ ಇರಬಹುದು, ಅಲೆ ಇಳಿಯುವ ಹೊತ್ತಿಗೆ ಗಾಳಿ ಏಳಬಹುದು. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. 2010ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಕ್ಯಾಲಿಫೋರ್ನಿಯಾದ ಕಡಲಿಗೆ ಇದರ ಲೆಕ್ಕ ಹಾಕಿದರು. ಬರೀ ಗಾಳಿಯ ಫಾರ್ಮ್ ಆದರೆ ವರ್ಷಕ್ಕೆ 1000 ಗಂಟೆಗೂ ಜಾಸ್ತಿ ಹೊತ್ತು ಸೊನ್ನೆ ವಿದ್ಯುತ್. ಬರೀ ಅಲೆಯದಾದರೆ 200 ಗಂಟೆಗೂ ಜಾಸ್ತಿ. ಎರಡನ್ನೂ ಸೇರಿಸಿದರೆ 100 ಗಂಟೆಯೊಳಗೆ. ಗ್ರಿಡ್ ನಡೆಸುವವರಿಗೆ ಇದು ಸಣ್ಣ ಲಾಭವಲ್ಲ. ಆದರೆ ಈ ಲೆಕ್ಕ ಎಲ್ಲ ಕಡಲಿಗೂ ಹೊಂದುವುದಿಲ್ಲ. ಕ್ಯಾಲಿಫೋರ್ನಿಯಾ, ಪೋರ್ಚುಗಲ್, ಐರ್ಲೆಂಡ್‌ನಂಥ ಕಡೆ ಎದುರಿಗೆ ಇಡೀ ಮಹಾಸಾಗರವೇ ತೆರೆದುಕೊಂಡಿದೆ, ಹಾಗಾಗಿ ದೂರದ ಅಲೆ ಬರುತ್ತದೆ. ಉತ್ತರ ಸಮುದ್ರದಂಥ ಸುತ್ತುವರಿದ ಕಡಲಲ್ಲಿ ಅಲೆ ಎದ್ದೇಳುವುದು ಬಹುಮಟ್ಟಿಗೆ ಅಲ್ಲೇ ಬೀಸುವ ಗಾಳಿಯಿಂದ. ಗಾಳಿ ಬಂದರೆ ಎರಡೂ ಬಂದವು, ಹೋದರೆ ಎರಡೂ ಹೋದವು.

ಈಗ ಕಷ್ಟದ ಭಾಗ.

ತೇಲುವ ಟರ್ಬೈನ್ ಕಟ್ಟುವವರ ದೊಡ್ಡ ಆಸೆ ಒಂದೇ: ತೆಪ್ಪ ಅಲ್ಲಾಡಬಾರದು. ನೂರು ಮೀಟರ್ ಮೇಲೆ ನೂರಾರು ಟನ್ ತೂಕದ ಯಂತ್ರ ಕೂತಿದೆ. ಕೆಳಗೆ ತೆಪ್ಪ ಒಂದೆರಡು ಡಿಗ್ರಿ ವಾಲಿದರೂ ಮೇಲೆ ಅದು ಹಲವಾರು ಮೀಟರ್ ಹಿಂದೆ ಮುಂದೆ ಹೋಗುತ್ತದೆ. ಬೇರಿಂಗ್, ಗೇರು, ರೆಕ್ಕೆಯ ಬುಡ, ಕಂಬದ ಬೆಸುಗೆ, ಎಲ್ಲದಕ್ಕೂ ಪೆಟ್ಟು. ಅಲೆಯಂತ್ರ ಕಟ್ಟುವವರ ಆಸೆ ನೇರ ಉಲ್ಟಾ: ಯಂತ್ರ ಎಷ್ಟು ಅಲ್ಲಾಡಿದರೆ ಅಷ್ಟು ಒಳ್ಳೆಯದು. ಅಲ್ಲಾಡದ ಅಲೆಯಂತ್ರ ಒಂದು ಯೂನಿಟ್ ಕೂಡ ಕೊಡುವುದಿಲ್ಲ.

ಇದು ಬರೀ ಆಸೆಯ ಮಾತಲ್ಲ, ಲೆಕ್ಕದ ಮಾತು. ಉಯ್ಯಾಲೆಗೆ ತನ್ನದೇ ಒಂದು ಲಯ ಇರುತ್ತದೆ. ಆ ಲಯಕ್ಕೆ ಸರಿಯಾಗಿ ಮೆಲ್ಲಗೆ ತಳ್ಳಿದರೂ ಅದು ಎತ್ತರಕ್ಕೆ ಹೋಗುತ್ತದೆ, ಲಯ ತಪ್ಪಿಸಿ ತಳ್ಳಿದರೆ ಎಷ್ಟು ಬಲ ಹಾಕಿದರೂ ದಂಡ. ನೀರಿನಲ್ಲಿ ತೇಲುವ ಪ್ರತಿ ವಸ್ತುವಿಗೂ ಹೀಗೆ ಒಂದು ಲಯ ಇದೆ. ಕಡಲಿನ ಅಲೆಗಳು ಹೆಚ್ಚಾಗಿ 5ರಿಂದ 20 ಸೆಕೆಂಡಿಗೆ ಒಂದರಂತೆ ಬರುತ್ತವೆ. ಹೈವಿಂಡ್‌ನಂಥ ಉರುಳೆಯ ಲಯವನ್ನು ಬೇಕೆಂದೇ 20 ಸೆಕೆಂಡಿಗಿಂತ ನಿಧಾನ ಇಟ್ಟಿರುತ್ತಾರೆ. ಅಲೆಗಳು ಬಂದು ಹೋಗುತ್ತವೆ, ಅದು ಅವಕ್ಕೆ ಓಗೊಡುವುದಿಲ್ಲ. ವಿಂಡ್‌ಫ್ಲೋಟ್‌ನ ಕಂಬಗಳ ಬುಡದಲ್ಲಿ ಅಗಲವಾದ ತಟ್ಟೆಗಳಿವೆ. ತೆಪ್ಪ ಮೇಲೆ ಕೆಳಗೆ ಹೋಗಲು ಹೊರಟರೆ ಆ ತಟ್ಟೆಗಳು ದೊಡ್ಡ ರಾಶಿ ನೀರನ್ನು ಜೊತೆಗೆ ಎಳೆಯಬೇಕು. ಹಾಗಾಗಿ ಚಲನೆ ಮಂದವಾಗುತ್ತದೆ. ಸಾಲದ್ದಕ್ಕೆ, ಗಾಳಿ ಒಂದೇ ಕಡೆಯಿಂದ ಒತ್ತಿ ತೆಪ್ಪ ವಾಲಿದರೆ ಒಂದು ಕಂಬದೊಳಗಿನ ನೀರನ್ನು ಪಂಪು ಇನ್ನೊಂದು ಕಂಬಕ್ಕೆ ಸಾಗಿಸಿ ಅದನ್ನು ನೆಟ್ಟಗೆ ಮಾಡುತ್ತದೆ. ಇಷ್ಟೆಲ್ಲ ಮಾಡುವುದು ತೆಪ್ಪವನ್ನು ಅಲೆಯ ಲಯದಿಂದ ದೂರ ಇಡಲಿಕ್ಕೆ. ಕಾರ್‌ಪವರ್‌ನ ಬುರುಡೆಯೊಳಗೆ ಇರುವ ಗಾಳಿಯೊತ್ತಡದ ಸ್ಪ್ರಿಂಗ್ ಮಾಡುವುದು ಇದರ ಪೂರ್ತಿ ವಿರುದ್ಧದ ಕೆಲಸ. ಬುರುಡೆಯ ಲಯವನ್ನು ಅಲೆಯ ಲಯಕ್ಕೆ ಕೂಡಿಸಿ, ಅಲೆ ಏರಿದ್ದಕ್ಕಿಂತ ಜಾಸ್ತಿ ಏರುವಂತೆ ಮಾಡುತ್ತದೆ.

ಇಂಥ ಎರಡನ್ನು ಒಂದೇ ತೆಪ್ಪಕ್ಕೆ ಬಿಗಿದರೆ ಏನಾಗುತ್ತದೆ? ಅಲೆಯಂತ್ರ ವಿದ್ಯುತ್ ಮಾಡಬೇಕಾದರೆ ಯಾವುದಾದರೂ ಒಂದಕ್ಕೆ ಆನಿಕೊಂಡು ತಳ್ಳಬೇಕು. ಕಾರ್‌ಪವರ್ ಆನಿಕೊಳ್ಳುವುದು ಕಡಲತಳಕ್ಕೆ. ಪೆಲಾಮಿಸ್‌ನಲ್ಲಿ ಒಂದು ಕೊಳವೆ ಇನ್ನೊಂದಕ್ಕೆ ಆನುತ್ತಿತ್ತು. ಟರ್ಬೈನ್ ತೆಪ್ಪಕ್ಕೆ ಬಿಗಿದ ಅಲೆಯಂತ್ರ ಆ ತೆಪ್ಪಕ್ಕೇ ಆನಿಕೊಂಡು ತಳ್ಳುತ್ತದೆ. ಪ್ರತಿ ಅಲೆಗೂ ಒಂದು ತಳ್ಳು, ಒಂದು ಎಳೆತ. ಇಡೀ ತೆಪ್ಪ ಯಾವ ಅಲ್ಲಾಟದಿಂದ ತಪ್ಪಿಸಿಕೊಳ್ಳಲು ನೋಡುತ್ತಿದೆಯೋ ಅದನ್ನೇ ಇದು ಒಳಗೆ ತಂದು ಬಿಡುತ್ತದೆ.

ಹಾಗಂತ ಬರೀ ನಷ್ಟವೇ ಅಂತಲ್ಲ. ಚಲನೆಯಿಂದ ಶಕ್ತಿ ತೆಗೆದರೆ ಚಲನೆ ಕಡಿಮೆಯಾಗಬೇಕು ತಾನೇ? ಜನರೇಟರ್ ಸರಿಯಾದ ಹೊತ್ತಿಗೆ ಸರಿಯಾದ ದಿಕ್ಕಿನಲ್ಲಿ ತಡೆ ಹಾಕಿದರೆ ಅದೇ ಅಲೆಯಂತ್ರ ತೆಪ್ಪದ ತೂಗಾಟವನ್ನು ತಗ್ಗಿಸಬಲ್ಲದು. ಸಂಶೋಧಕರಿಗೆ ಇದರಲ್ಲಿ ಇರುವ ಆಸಕ್ತಿ ಸುಮ್ನೆ ಅಲ್ಲ. ತೊಡಕು ಇಲ್ಲಿದೆ: ಜಾಸ್ತಿ ವಿದ್ಯುತ್ ಸಿಗುವ ತಡೆ ಬೇರೆ, ತೆಪ್ಪ ಜಾಸ್ತಿ ನೆಮ್ಮದಿಯಿಂದ ನಿಲ್ಲುವ ತಡೆ ಬೇರೆ. ಎರಡನ್ನೂ ಒಂದೇ ಸೆಟ್ಟಿಂಗಿನಲ್ಲಿ ಪಡೆಯಲಾಗದು. ಪ್ರತಿ ಕ್ಷಣವೂ ಕಂಟ್ರೋಲ್ ಕಂಪ್ಯೂಟರ್ ಇವೆರಡರ ನಡುವೆ ರಾಜಿ ಮಾಡಬೇಕು.

ಕಂಟ್ರೋಲ್ ತಪ್ಪಿದರೆ ಏನಾಗಬಹುದು ಅನ್ನುವುದಕ್ಕೆ ಅಲೆಯಂತ್ರವೇ ಬೇಕಿಲ್ಲ, ಬರೀ ತೇಲುವ ಟರ್ಬೈನಿನಲ್ಲೇ ಒಂದು ಪಾಠ ಇದೆ. ಗಾಳಿ ಜೋರಾದಾಗ ಟರ್ಬೈನ್ ತನ್ನ ರೆಕ್ಕೆಗಳನ್ನು ಓರೆಯಾಗಿ ತಿರುಗಿಸಿ ಗಾಳಿಯನ್ನು ಸ್ವಲ್ಪ ಹೋಗಬಿಡುತ್ತದೆ. ನೆಲದ ಮೇಲೆ ಇದರಿಂದ ತೊಂದರೆ ಇಲ್ಲ. ತೆಪ್ಪದ ಮೇಲೆ? ತೆಪ್ಪ ಗಾಳಿಗೆ ಎದುರಾಗಿ ಮುಂದಕ್ಕೆ ವಾಲಿದಾಗ ರೆಕ್ಕೆಗಳಿಗೆ ಗಾಳಿ ಜೋರಾದಂತೆ ಅನ್ನಿಸುತ್ತದೆ. ಯಂತ್ರ ರೆಕ್ಕೆ ಓರೆ ಮಾಡುತ್ತದೆ. ಗಾಳಿಯ ತಳ್ಳು ಕಡಿಮೆಯಾಗುತ್ತದೆ. ವಾಲುತ್ತಿದ್ದ ತೆಪ್ಪವನ್ನು ತಡೆಯಬೇಕಿದ್ದ ಬಲವೇ ಹೋಯಿತು, ಅದು ಇನ್ನಷ್ಟು ವಾಲುತ್ತದೆ. ಹಿಂದಕ್ಕೆ ಬರುವಾಗ ಇದೇ ಉಲ್ಟಾ. ಪ್ರತಿ ಸುತ್ತಿಗೂ ತೂಗಾಟ ಬೆಳೆಯುತ್ತದೆ. 2009ರಲ್ಲಿ ನಾರ್ವೆಯ ಕಡಲಲ್ಲಿ ನಿಂತ ಮೊದಲ ಹೈವಿಂಡ್‌ನವರು ಇದಕ್ಕೆಂದೇ ಬೇರೆ ಕಂಟ್ರೋಲ್ ವಿಧಾನ ಮಾಡಿಕೊಳ್ಳಬೇಕಾಯಿತು. ಒಂದೇ ಯಂತ್ರ ಇರುವಾಗಲೇ ಇಷ್ಟು ಸೂಕ್ಷ್ಮ. ಇನ್ನೊಂದನ್ನು ಸೇರಿಸುವವರು ಎಷ್ಟು ಯೋಚಿಸಬೇಕು ಅಂತ ಇದರಿಂದಲೇ ಗೊತ್ತಾಗುತ್ತದೆ.

ಹಾಗಿದ್ದೂ ಧೈರ್ಯ ಮಾಡಿದವರಿದ್ದಾರೆ, ಅವರ ಬಗ್ಗೆ ನನಗೆ ಬಹಳ ಗೌರವ. ಡೆನ್ಮಾರ್ಕಿನ ಫ್ಲೋಟಿಂಗ್ ಪವರ್ ಪ್ಲಾಂಟ್ ಕಂಪನಿ 2008ರಲ್ಲಿ ಪೊಸೈಡನ್ ಪಿ37 ಅನ್ನುವ ತೆಪ್ಪವನ್ನು ಲೋಲಾಂಡ್ ದ್ವೀಪದ ಪಕ್ಕದ ಕಡಲಿಗೆ ಇಳಿಸಿತು. 37 ಮೀಟರ್ ಅಗಲ. ಮುಂಭಾಗದಲ್ಲಿ ಸಾಲಾಗಿ ಕೀಲು ಹಾಕಿದ ತೇಲುಪೆಟ್ಟಿಗೆಗಳು ಅಲೆಗೆ ಎದ್ದುಬೀಳುತ್ತಿದ್ದವು. ಮೇಲೆ 11 ಕಿಲೋವ್ಯಾಟ್‌ನ ಮೂರು ಚಿಕ್ಕ ಟರ್ಬೈನ್‌ಗಳು. ಇಡೀ ತೆಪ್ಪ ಒಂದು ಲಂಗರಿನ ಸುತ್ತ ತಾನೇ ತಿರುಗಿ ಅಲೆಗೆ ಮುಖ ಕೊಡುತ್ತಿತ್ತು. 2013ರವರೆಗೆ ಹಲವು ಹಂತಗಳಲ್ಲಿ ಪರೀಕ್ಷೆ ನಡೆಯಿತು, ಗಾಳಿಯ ವಿದ್ಯುತ್ತೂ ಅಲೆಯ ವಿದ್ಯುತ್ತೂ ಒಂದೇ ತೆಪ್ಪದಿಂದ ಗ್ರಿಡ್ ಸೇರಿತು. ಜಾಗವೂ ವಿಶೇಷದ್ದೇ. 1991ರಲ್ಲಿ ಜಗತ್ತಿನ ಮೊದಲ ಕಡಲ ಗಾಳಿ ಫಾರ್ಮ್ ಆದ ವಿಂಡೆಬಿ ನಿಂತಿದ್ದು ಅದರ ಹತ್ತಿರದಲ್ಲೇ. ಆದರೆ ಆ ಕಡಲು ಅಟ್ಲಾಂಟಿಕ್‌ನಷ್ಟು ಒರಟಲ್ಲ. ಯಂತ್ರಗಳೂ ಚಿಕ್ಕವು. ಎರಡನ್ನೂ ಕೂಡಿಸಲು ಸಾಧ್ಯ ಅಂತ ಅದು ತೋರಿಸಿತು. ದೊಡ್ಡದು ಮಾಡಿದರೆ ಕೈಗೆಟುಕುತ್ತದೆ ಅಂತ ತೋರಿಸಲು ಅಷ್ಟು ಸಾಲದು.

ಇನ್ನೊಂದು ಪ್ರಯತ್ನ ನಾರ್ವೆಯ ತ್ರೋಂಡ್‌ಹೈಮ್‌ನ ವಿಶ್ವವಿದ್ಯಾಲಯದ್ದು. 2010ರಲ್ಲಿ ಶುರುವಾದ ಯುರೋಪಿನ ಮರೀನಾ ಪ್ಲಾಟ್‌ಫಾರ್ಮ್ ಯೋಜನೆಯಲ್ಲಿ ಅವರು ಹೈವಿಂಡ್ ಥರದ ಉರುಳೆಯ ಸೊಂಟಕ್ಕೆ 20 ಮೀಟರ್ ಅಗಲದ ತೇಲುವ ಬಳೆ ತೊಡಿಸಿದರು. ಉರುಳೆ ನಿಶ್ಚಲ, ಬಳೆ ಅಲೆಯೊಂದಿಗೆ ಮೇಲೆ ಕೆಳಗೆ. ನಡುವಿನ ಜಾರಾಟದಿಂದ ವಿದ್ಯುತ್. ಕಾಗದದ ಮೇಲೆ ಇದು ಬಹಳ ಚೆಂದ: ಒಂದು ನಿಲ್ಲಲು ಬಯಸುತ್ತದೆ, ಒಂದು ಕುಣಿಯಲು ಬಯಸುತ್ತದೆ, ಎರಡಕ್ಕೂ ಜಾಗ ಇದೆ. ಪುಟ್ಟ ಮಾದರಿ ಮಾಡಿ ನೀರಿನ ತೊಟ್ಟಿಯಲ್ಲಿ ಬಿರುಗಾಳಿಯ ಅಲೆ ಎಬ್ಬಿಸಿದಾಗ ನಿಜವಾದ ಸಮಸ್ಯೆ ಕಾಣಿಸಿತು. ಬಿರುಗಾಳಿಯಲ್ಲಿ ಬಳೆಯನ್ನು ಏನು ಮಾಡುವುದು? ಉರುಳೆಗೆ ಬಿಗಿದು ನೀರಿನ ಮೇಲ್ಮಟ್ಟದಲ್ಲೇ ಬಿಟ್ಟರೆ, ಬಳೆ ನೀರಿನಿಂದ ಹೊರಬಂದು ಮತ್ತೆ ಅಪ್ಪಳಿಸುತ್ತಿತ್ತು, ನೀರು ಅದರ ಮೇಲೆ ಹಾದುಹೋಗುತ್ತಿತ್ತು. ಪೂರ್ತಿ ನೀರಿನೊಳಗೆ ಮುಳುಗಿಸಿಟ್ಟರೆ ಪೆಟ್ಟು ಕಡಿಮೆ. ಹಾಗಾದರೆ ಪ್ರತಿ ಬಿರುಗಾಳಿಗೂ ಮುಂಚೆ ಆ ದೈತ್ಯ ಬಳೆಯನ್ನು ತಪ್ಪದೆ ಮುಳುಗಿಸಬೇಕು, ಆಮೇಲೆ ತಪ್ಪದೆ ಎತ್ತಬೇಕು.

ಅಲೆಯಂತ್ರಗಳ ಚರಿತ್ರೆಯಲ್ಲಿ ಬಿರುಗಾಳಿಯೇ ಮುಖ್ಯ ಪಾತ್ರ. ಅಲೆಯ ಶಕ್ತಿ ಎತ್ತರದ ವರ್ಗದಂತೆ ಏರುತ್ತದೆ (ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು), ಜೊತೆಗೆ ಅಲೆಗಳ ನಡುವಿನ ಅಂತರಕ್ಕೆ ತಕ್ಕಂತೆಯೂ ಏರುತ್ತದೆ. 2 ಮೀಟರ್ ಎತ್ತರದ, 8 ಸೆಕೆಂಡಿನ ಅಲೆಯಿಂದ ಒಂದು ಮೀಟರ್ ಅಗಲಕ್ಕೆ ಸಿಗುವುದು ಸುಮಾರು 16 ಕಿಲೋವ್ಯಾಟ್. ಅದೇ 8 ಮೀಟರ್ ಎತ್ತರ, 14 ಸೆಕೆಂಡಿನ ಅಲೆಯಾದರೆ ಸುಮಾರು 440 ಕಿಲೋವ್ಯಾಟ್. 28 ಪಟ್ಟು. ಯಂತ್ರ ದುಡಿಯುವುದು ಮೊದಲನೆಯದರಿಂದ, ಬದುಕಬೇಕಾದದ್ದು ಎರಡನೆಯದರಲ್ಲಿ. ಉಕ್ಕಿನ ದಪ್ಪ ನಿರ್ಧಾರವಾಗುವುದು ಎರಡನೆಯದಕ್ಕೆ, ದುಡ್ಡು ಹುಟ್ಟುವುದು ಮೊದಲನೆಯದಕ್ಕೆ. ಕಾರ್‌ಪವರ್‌ನ ಬುರುಡೆ ಈ ವಿಷಯದಲ್ಲಿ ಒಳ್ಳೆಯ ಸುದ್ದಿ ಕೊಟ್ಟಿದೆ. ಬಿರುಗಾಳಿ ಬಂದಾಗ ಅದು ತನ್ನ ಲಯವನ್ನು ಬೇಕೆಂದೇ ಕೆಡಿಸಿಕೊಂಡು ಅಲೆಗೆ ಸ್ಪಂದಿಸದೆ ಸುಮ್ಮನಾಗುತ್ತದೆ. 2023ರ ನವೆಂಬರಿನ ದೊಮಿಂಗೋಸ್ ಬಿರುಗಾಳಿಯಲ್ಲಿ 18.5 ಮೀಟರ್ ಎತ್ತರದ ಅಲೆಗಳನ್ನು ಅದು ಹೀಗೆ ದಾಟಿತು.

ಈಗ ಹಣದ ಲೆಕ್ಕ. ಪೋರ್ಚುಗಲ್‌ನಲ್ಲೇ, ವಿಯಾನಾ ದೊ ಕಾಸ್ತೆಲೊ ಊರಿನಿಂದ 20 ಕಿಲೋಮೀಟರ್ ಆಚೆ, 2020ರಿಂದ ವಿಂಡ್‌ಫ್ಲೋಟ್ ಅಟ್ಲಾಂಟಿಕ್ ಪೂರ್ತಿ ನಡೆಯುತ್ತಿದೆ. 8.4 ಮೆಗಾವ್ಯಾಟ್‌ನ ಮೂರು ಟರ್ಬೈನ್‌ಗಳು. ಒಂದು ತೆಪ್ಪದ ಮೂರು ಕಂಬಗಳಿಗೆ 300 ಕಿಲೋವ್ಯಾಟ್‌ನ ಒಂದೊಂದು ಅಲೆಯಂತ್ರ ಕಟ್ಟಿದೆವು ಅಂದುಕೊಳ್ಳಿ. ಒಟ್ಟು 0.9 ಮೆಗಾವ್ಯಾಟ್. ಟರ್ಬೈನಿನ ಹತ್ತನೇ ಒಂದು ಭಾಗದಷ್ಟು. ಅದಕ್ಕಾಗಿ ಆ 8.4 ಮೆಗಾವ್ಯಾಟ್‌ನ ನೆಮ್ಮದಿಯನ್ನು ಪಣಕ್ಕಿಡಬೇಕು. ಸಾಲ ಕೊಡುವ ಬ್ಯಾಂಕು, ವಿಮೆ ಕೊಡುವ ಕಂಪನಿ ಯಾಕೆ ಹಿಂಜರಿಯುತ್ತವೆ ಅಂತ ಅರ್ಥವಾಗುತ್ತದೆ. ಟರ್ಬೈನ್‌ಗಳು 15 ಮೆಗಾವ್ಯಾಟ್ ಕಡೆಗೆ ಬೆಳೆದಷ್ಟೂ ಅಲೆಯ ಪಾಲು ಇನ್ನೂ ಸಣ್ಣದಾಗಿ ಕಾಣುತ್ತದೆ.

ಅದಕ್ಕೇ ನನ್ನ ಒಲವು ನೆರೆಹೊರೆಯ ಕಡೆಗೆ. ತೆಪ್ಪಗಳು ಬೇರೆ ಬೇರೆ ಇರಲಿ, ಜಾಗ ಒಂದೇ ಇರಲಿ. ಟರ್ಬೈನ್‌ಗಳ ನಡುವೆ ಹೇಗೂ ಒಂದು ಕಿಲೋಮೀಟರಿಗೂ ಜಾಸ್ತಿ ಖಾಲಿ ಬಿಡುತ್ತಾರೆ. ಅಲ್ಲಿ, ಇಲ್ಲವೇ ಫಾರ್ಮ್‌ನ ಅಂಚಿನಲ್ಲಿ ಅಲೆಯಂತ್ರಗಳು ತಮ್ಮದೇ ಲಂಗರಿನಲ್ಲಿ ಕುಣಿಯಲಿ. ಒಂದು ಕೆಟ್ಟರೆ ಇನ್ನೊಂದಕ್ಕೆ ಏಟಿಲ್ಲ. ಕಡಲ ಸಬ್‌ಸ್ಟೇಷನ್, ದಡದವರೆಗಿನ ದುಬಾರಿ ಕೇಬಲ್, ರಿಪೇರಿ ಬೋಟು, ಬಂದರು, ಪರಿಸರದ ಅನುಮತಿ, ಇವೆಲ್ಲ ಹಂಚಿಕೆ. ಗಾಳಿಯ ಫಾರ್ಮ್‌ನ ಕೇಬಲ್ ವರ್ಷದ ಬಹಳಷ್ಟು ಹೊತ್ತು ತುಂಬಿ ಹರಿಯುವುದಿಲ್ಲ. ಆ ಖಾಲಿ ಹೊತ್ತಿನಲ್ಲಿ ಅಲೆಯ ವಿದ್ಯುತ್ ಸಾಗಿಸಲು ಹೊಸ ಖರ್ಚು ಹೆಚ್ಚೇನಿಲ್ಲ.

ಇದರ ಜೊತೆ ಜನ ಅಷ್ಟಾಗಿ ಮಾತಾಡದ ಇನ್ನೊಂದು ಲಾಭ ಇದೆ. ರಿಪೇರಿಯವರು ಬೋಟಿನಿಂದ ಟರ್ಬೈನಿನ ಏಣಿಗೆ ಕಾಲಿಡಬೇಕಾದರೆ ಅಲೆ ಸುಮಾರು ಒಂದೂವರೆ ಮೀಟರಿನೊಳಗೆ ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಕಾಯಬೇಕು, ಕೆಟ್ಟ ಟರ್ಬೈನ್ ದಿನಗಟ್ಟಲೆ ನಿಂತೇ ಇರುತ್ತದೆ. ಅಲೆ ಬರುವ ದಿಕ್ಕಿಗೆ ಅಲೆಯಂತ್ರಗಳ ಸಾಲು ಇದ್ದರೆ, ಅವು ಶಕ್ತಿ ತೆಗೆದುಕೊಂಡ ಮೇಲೆ ಹಿಂದೆ ಬರುವ ಅಲೆ ಸ್ವಲ್ಪ ತಗ್ಗುತ್ತದೆ. ಏಣಿ ಹತ್ತಬಹುದಾದ ಗಂಟೆಗಳು ಹೆಚ್ಚುತ್ತವೆ.

ನಮ್ಮ ಕಡಲಿಗೆ ಇದು ಹೊಂದುತ್ತದೆಯೇ? ಕರ್ನಾಟಕದ ಕಡಲು ಕಾಲಕ್ಕೊಂದು ಥರ. ಜೂನ್ ಬಂತೆಂದರೆ ಅಲೆ 3 ಮೀಟರ್ ಮುಟ್ಟುವುದು ಅಪರೂಪವಲ್ಲ. ಮಲ್ಪೆ, ಹೊನ್ನಾವರ, ಕಾರವಾರದ ಯಾಂತ್ರಿಕ ಬೋಟುಗಳು ಜೂನ್ 1ರಿಂದ ಜುಲೈ 31ರವರೆಗೆ ದಕ್ಕೆಯಲ್ಲೇ ಇರುತ್ತವೆ. ಮಳೆಗಾಲ ಕಳೆದರೆ ಅಲೆ ಬಹಳ ದಿನ ಒಂದು ಮೀಟರಿನೊಳಗೇ. 3 ಮೀಟರಿನಿಂದ ಮುಕ್ಕಾಲು ಮೀಟರಿಗೆ ಇಳಿದರೆ, ಅಲೆಯ ಅಂತರ ಅಷ್ಟೇ ಇದ್ದರೂ ಶಕ್ತಿ ಹದಿನಾರನೇ ಒಂದು ಭಾಗಕ್ಕೆ ಬೀಳುತ್ತದೆ. ಕೇರಳದ ವಿಳಿಂಜಂನಲ್ಲಿ 1991ರಲ್ಲಿ ಐಐಟಿ ಮದ್ರಾಸಿನವರು ಕಟ್ಟಿದ 150 ಕಿಲೋವ್ಯಾಟ್‌ನ ಅಲೆ ಸ್ಥಾವರಕ್ಕೂ ಇದೇ ಅನುಭವ ಆಯಿತು: ಮಳೆಗಾಲದಲ್ಲಿ ಸಿಕ್ಕಷ್ಟು ವಿದ್ಯುತ್ ಚಳಿಗಾಲದಲ್ಲಿ ಸಿಗಲಿಲ್ಲ. ಅದಕ್ಕಿಂತ ಮುಖ್ಯವಾದ ಮಾತು, ಅರಬ್ಬೀ ಸಮುದ್ರದಲ್ಲಿ ಗಾಳಿಯ ಸುಗ್ಗಿಯೂ ಅಲೆಯ ಸುಗ್ಗಿಯೂ ಒಂದೇ ಕಾಲಕ್ಕೆ ಬರುತ್ತವೆ. ಎರಡನ್ನೂ ತರುವುದು ಅದೇ ಮುಂಗಾರು. ಕ್ಯಾಲಿಫೋರ್ನಿಯಾದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಇವೆರಡಕ್ಕೂ ಸರಿಯಾದ ಜೊತೆ ಬಿಸಿಲು. ಪಾವಗಡದ ಸೋಲಾರ್ ಹಾಳೆಗಳ ಮೇಲೆ ಮೋಡ ಮುಸುಕುವ ತಿಂಗಳುಗಳಲ್ಲೇ ಕಡಲು ಜೋರಾಗಿರುತ್ತದೆ.

ಕೇಬಲ್ ಹಂಚಿಕೆಯ ಲಾಭ ಮಾತ್ರ ಇಲ್ಲೂ ನಿಜ. ಅದಕ್ಕೆ ಮೊದಲು ಗಾಳಿಯ ಫಾರ್ಮ್ ಬರಬೇಕು. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಗುಜರಾತ್ ಮತ್ತು ತಮಿಳುನಾಡಿನ ಕಡಲಿಗೆ ತಲಾ 500 ಮೆಗಾವ್ಯಾಟ್‌ನಂತೆ ಗಾಳಿ ಫಾರ್ಮ್‌ಗಳಿಗೆ ನೆರವು ಒಪ್ಪಿತು. ಒಟ್ಟು ಮೊತ್ತ 7,453 ಕೋಟಿ ರೂಪಾಯಿ. ಇವು ತೇಲುವಂಥವಲ್ಲ, ತಳಕ್ಕೆ ಕಂಬ ಊರುವಂಥವು. ತಮಿಳುನಾಡಿನ ಜಾಗದ ಆಸುಪಾಸಿನಲ್ಲೇ, ತೂತ್ತುಕುಡಿಯ ಮುಂದೆ, 2022ರ ನವೆಂಬರಿನಲ್ಲಿ ಐಐಟಿ ಮದ್ರಾಸಿನ ಸಿಂಧುಜಾ-1 ಅನ್ನುವ ಪುಟ್ಟ ಅಲೆಯಂತ್ರ ನೀರಿಗಿಳಿದಿತ್ತು. ಸಾಮರ್ಥ್ಯ ಬರೀ 100 ವ್ಯಾಟ್. ಇಂಥ ಯಂತ್ರ ಮುಂದೆ ದೊಡ್ಡದಾದಾಗ ತನ್ನದೇ ಕೇಬಲ್ ಹಾಕಿಕೊಳ್ಳುವಷ್ಟು ದುಡ್ಡು ಅದರ ಹತ್ತಿರ ಇರುವುದಿಲ್ಲ. ಗಾಳಿ ಫಾರ್ಮ್‌ನ ಸಬ್‌ಸ್ಟೇಷನ್ನಿನ ನಕ್ಷೆ ಬರೆಯುವಾಗಲೇ ಒಂದೆರಡು ಕನೆಕ್ಷನ್‌ಗೆ ಜಾಗ ಬಿಟ್ಟರೆ ಆಗ ಆಗುವ ಖರ್ಚು ಸಣ್ಣದು. ನಿಂತ ಸಬ್‌ಸ್ಟೇಷನ್ನಿಗೆ ಆಮೇಲೆ ಕಡಲ ಮಧ್ಯೆ ಹೋಗಿ ಅದನ್ನು ಸೇರಿಸುವುದು ಬಹಳ ದುಬಾರಿ. ಟೆಂಡರ್ ಕಾಗದದಲ್ಲಿ ಈ ಒಂದು ಸಾಲು ಈಗಲೇ ಸೇರಬೇಕು.